ಹಿಂದಿನ ಖೋಲಿಯ ಹಂಡೆಗಳು

ಮುಂದಿನ ಖೋಲಿಯ ಹಂಡೆ ಬಡಿದರೆ ಒಂದು ಸಪ್ಪಳ, ಹಿಂದಿನ ಖೋಲಿಯ ಹಂಡೆ ಬಡಿದರೆ ಬೇರೆ ಸಪ್ಪಳ ಎಂದು ನನ್ನ ಅತ್ತೆ ಹೇಳುತ್ತಿದ್ದಳು. ಅದು ಸುಳ್ಳು. ಅವಳು ಇಲ್ಲದ ಹೊತ್ತಿನಲ್ಲಿ ನಾನು ಎರಡನ್ನೂ ಬಡಿದು ನೋಡಿದ್ದೇನೆ. ಅದೇ ತಾಮ್ರ, ಅದೇ ಸಪ್ಪಳ. ವ್ಯತ್ಯಾಸ ಇದ್ದದ್ದು ಹಂಡೆಯಲ್ಲಿ ಅಲ್ಲ, ನಮ್ಮ ತಲೆಯಲ್ಲಿ. ತಲೆಯಲ್ಲಿ ಇದ್ದದ್ದನ್ನು ಬಾಯಿಬಿಟ್ಟು ಹೇಳದೆ ಅಂಗಡಿಯನ್ನು ಕಂಪ್ಯೂಟರಿಗೆ ಹಾಕಿದರೆ ಏನಾಗುತ್ತದೆ ಎನ್ನುವುದನ್ನು ಬರೆಯಲು ಕೂತಿದ್ದೇನೆ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಅಕ್ಷರ ದಪ್ಪ, ಸಾಲು ಸೊಟ್ಟ. ಮೊಮ್ಮಗಳು ಕಾಗುಣಿತ ತಿದ್ದಿದ್ದಾಳೆ. ಮಾತನ್ನು ತಿದ್ದಬೇಡ ಎಂದು ಹೇಳಿದ್ದೇನೆ.

ನಮ್ಮದು ಬಾಂಡೆ ಅಂಗಡಿ. ಲಗ್ನಕ್ಕೆ, ತೊಟ್ಟಿಲಿಗೆ, ಬಸುರಿಯ ಕುಬಸಕ್ಕೆ ದೊಡ್ಡ ಅಡುಗೆ ಮಾಡಬೇಕಾದವರಿಗೆ ಹಂಡೆ, ಕೊಪ್ಪರಿಗೆ, ಬೋಗುಣಿ, ಪರಾತ, ಜಮಖಾನ ಬಾಡಿಗೆಗೆ ಕೊಡುತ್ತೇವೆ. ಮೊದಲಿನ ಅಂಗಡಿ ಮೂಡಲಗಿಯಲ್ಲಿ, ಮನೆಗೆ ಹತ್ತಿಕೊಂಡೇ ಇದೆ. ಆಮೇಲೆ ಗೋಕಾಕದಲ್ಲಿ ಒಂದು, ಹುಕ್ಕೇರಿಯಲ್ಲಿ ಒಂದು ಆದವು.

ಶುರುವಾದಾಗ ಅದು ಅಂಗಡಿಯೇ ಆಗಿರಲಿಲ್ಲ. ಅತ್ತೆಯ ಮನೆಯವರು ಕುರಿ ಕಾಯುವವರು, ಊರು ತುಕ್ಕಾನಟ್ಟಿ. ಗಂಡಸರು ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಹೊರಗೇ ಇರುತ್ತಿದ್ದರು. ಮನೆಯಲ್ಲಿ ಉಣ್ಣುವ ಬಾಯಿ ಕಡಿಮೆಯಾಗಿ ದೊಡ್ಡ ಪಾತ್ರೆಗಳೆಲ್ಲ ಮೂಲೆಯಲ್ಲಿ ಬೋರಲು ಬೀಳುತ್ತಿದ್ದವು. ಆ ದಿನಗಳಲ್ಲಿ ಅತ್ತೆ ತನ್ನ ತವರಿನಿಂದ ಬಂದ ಹಂಡೆಯನ್ನು ಓಣಿಯವರ ಲಗ್ನಕ್ಕೆ ಕೊಟ್ಟಳು. ಮರಳಿ ತಂದವರು ಹಂಡೆಯನ್ನು ಖಾಲಿ ತರಲಿಲ್ಲ. ಒಳಗೆ ಬೆಲ್ಲ ಇಟ್ಟು ತಂದರು. ಇನ್ನೊಬ್ಬರು ಜೋಳ ಇಟ್ಟು ತಂದರು. ಕೆಲವು ಕುರಿ ಮಾರಿ ಇನ್ನಷ್ಟು ಹಂಡೆ ಕೊಂಡುಕೊಳ್ಳೋಣ ಎಂದು ಅವಳು ನನ್ನ ಮಾವನಿಗೆ ಹೇಳಿದಾಗ ಆತ ಒಂದು ದಿನ ಉಣ್ಣದೆ ಕೂತನಂತೆ. ಮರುದಿನ ಉಂಡ, ಕುರಿಯನ್ನೂ ಮಾರಿದ.

ನಾನು ಸೊಸೆಯಾಗಿ ಬಂದಾಗ ಅಂಗಡಿ ಮೂಡಲಗಿಗೆ ಬಂದು ಕೂತಿತ್ತು. ಬಂದ ವಾರದಲ್ಲೇ ಹುಣಸೆಹಣ್ಣು, ಬೂದಿ ಕೊಟ್ಟು ಹಂಡೆ ತಿಕ್ಕಲು ಕೂಡಿಸಿದರು. ಮೈಯುದ್ದದ ಕೊಪ್ಪರಿಗೆಯೊಳಗೆ ಇಳಿದು, ಅದರ ತಳದಲ್ಲಿ ಕುಕ್ಕರಗಾಲಿನಲ್ಲಿ ಕೂತು ತಿಕ್ಕಬೇಕು. ಹೊರಗಿನವರ ಮಾತು ಬಾವಿಯೊಳಗಿಂದ ಕೇಳಿದಂತೆ ಕೇಳುತ್ತಿತ್ತು. ಕಲಾಯಿ ಮಾಡುವವನು ಗೋಕಾಕದಿಂದ ಬರುತ್ತಿದ್ದ. ಅಂಗಳದಲ್ಲಿ ಇದ್ದಲಿನ ಒಲೆ ಹೂಡಿ, ಕಾದ ಪಾತ್ರೆಗೆ ನವಸಾಗರ ಚೆಲ್ಲಿ, ಅರಳೆಯಿಂದ ತವರ ಎಳೆದರೆ ಒಳಗೆಲ್ಲ ಬೆಳ್ಳಗೆ ಬೆಳದಿಂಗಳಾಗುತ್ತಿತ್ತು. ಆ ಹೊಗೆ ಮೂಗಿಗೆ ಕೆಟ್ಟದ್ದು. ಈಗಲೂ ನೆನಪಾದರೆ ಮೂಗು ಉರಿಯುತ್ತದೆ, ಆದರೂ ಒಮ್ಮೆ ಮೂಸಬೇಕು ಅನ್ನಿಸುತ್ತದೆ.

ಇನ್ನು ಹಿಂದಿನ ಖೋಲಿ. ಅಂಗಡಿಯ ಬೆನ್ನಿಗೆ ಒಂದು ಖೋಲಿ ಇದೆ, ಅದರ ಬಾಗಿಲು ಹಿತ್ತಿಲಿಗೆ. ಅಲ್ಲಿರುವ ಎರಡು ಹಂಡೆ, ಬೋಗುಣಿ, ತಾಡಪತ್ರಿ ಎಲ್ಲ ಸತ್ತ ಮನೆಗೆ ಹೋಗುವಂಥವು. ಹೆಣಕ್ಕೆ ಎರೆಯಲು ನೀರು ಕಾಯಿಸಬೇಕು, ಮಣ್ಣಿಗೆ ಹೋಗಿ ಬಂದವರ ಸ್ನಾನಕ್ಕೆ ನೀರು ಬೇಕು, ಅಡುಗೆ ನಡೆಯದ ಮನೆಗೆ ಬಂದ ಬೀಗರಿಗೆ ಯಾರಾದರೂ ಒಂದಿಷ್ಟು ಬೇಯಿಸಬೇಕು. ಸತ್ತ ಮನೆಗೆ ಒಮ್ಮೆ ಹೋದದ್ದು ಲಗ್ನದ ಪಾತ್ರೆ ಇರುವ ಮುಂದಿನ ಖೋಲಿಗೆ ಬರುವಂತಿಲ್ಲ. ಸತ್ತ ಮನೆಯವರು ಬಂದರೆ ಹೆಸರು ಕೇಳುವುದಿಲ್ಲ, ಎಷ್ಟು ದಿನಕ್ಕೆ ಎಂದು ಕೇಳುವುದಿಲ್ಲ, ಬಾಡಿಗೆ ತೆಗೆದುಕೊಳ್ಳುವುದಿಲ್ಲ. ‘ಹೋಗಿ ಬರ್ರಿ’ ಅನ್ನುವುದಿಲ್ಲ. ಲಗ್ನದ ಹಂಡೆ ಏನಾದರೂ ತುಂಬಿಕೊಂಡು ಬಂದರೆ ಈ ಹಂಡೆ ಖಾಲಿ ಬರುತ್ತದೆ. ಹಿತ್ತಿಲಲ್ಲಿ ಬೋರಲು ಇಟ್ಟು ಮಾತಾಡದೆ ಹೋಗುತ್ತಾರೆ. ಇದು ಅತ್ತೆ ಹಾಕಿದ ಕಟ್ಟಳೆ. ಎಲ್ಲಿಯೂ ಬರೆದಿಲ್ಲ. ಆ ಖೋಲಿಯ ಕೀಲಿ ಮೊದಲಿನಿಂದಲೂ ಬಾಗಿಲ ಪಕ್ಕದ ಮೊಳೆಗೇ ತೂಗುತ್ತದೆ. ಅಲ್ಲಿಗೆ ಕಳ್ಳರೂ ಹೋಗುವುದಿಲ್ಲ ಎಂಬ ಧೈರ್ಯ.

ಈಗಿನ ಮಾತಿಗೆ ಬರುತ್ತೇನೆ. ಹಿರಿಯ ಮಗನಿಗೆ ಮೊಣಕಾಲು ನೋವು, ಅಂಗಡಿ ತನ್ನಿಂದ ಆಗುವುದಿಲ್ಲ ಎಂದ. ಹುಕ್ಕೇರಿಯ ಅಂಗಡಿ ನೋಡುವ ಸಣ್ಣ ಮಗ ತಾಮ್ರವನ್ನೆಲ್ಲ ತೂಕಕ್ಕೆ ಮಾರಿಬಿಡೋಣ ಎಂದ. ಈಗ ಅಡುಗೆ ಗುತ್ತಿಗೆ ಹಿಡಿಯುವವರು ತಮ್ಮ ಸ್ಟೀಲು ಪಾತ್ರೆ ತಾವೇ ತರುತ್ತಾರೆ, ನಮ್ಮ ಹಂಡೆ ಯಾರಿಗೆ ಬೇಕು ಎನ್ನುವುದು ಅವನ ವಾದ. ಅದು ಪೂರಾ ಸುಳ್ಳೂ ಅಲ್ಲ. ಆಗ ಹಿರಿಯ ಮಗನ ಮಗಳು ಬಾಯಿ ಹಾಕಿದಳು. ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಓದಿ ಬಂದವಳು.

“ಕಾಕಾ, ಗೋಕಾಕದಾಗ ಹಂಡೆ ಇಲ್ಲಂತ ಗಿರಾಕಿನ ವಾಪಸ್ ಕಳಸತೀವಿ. ಅದ ದಿನ ನಿಮ್ಮ ಹುಕ್ಕೇರಿ ಅಂಗಡ್ಯಾಗ ಹಂಡೆ ಖಾಲಿ ಕುಂತಿರ್ತಾವ. ಒಂದು ಅಂಗಡಿಗೆ ಇನ್ನೊಂದರ ಸುದ್ದಿ ಇಲ್ಲ. ಮೂರೂ ಅಂಗಡಿ ಕ್ಲೌಡಿಗೆ ಹಾಕೂಣು. ಎಲ್ಲಿ ಏನೈತಿ ಅಂತ ಎಲ್ಲಾರಿಗೂ ಕಾಣತೈತಿ.”

“ಹಂಡೆಗೆ ಕಂಪ್ಯೂಟರ್ ಯಾಕ ಬೇಕವಾ?” ಎಂದ ಸಣ್ಣ ಮಗ.

“ಹಂಡೆಗಲ್ರಿ, ನಮಗ ಬೇಕು.”

ಕ್ಲೌಡ್ ಅಂದರೆ ಮೋಡ ಎಂದು ನನಗೂ ಗೊತ್ತು. ಅದರ ಮೇಲಿನ ಚಾಷ್ಟಿ, ನಗೆಯನ್ನೆಲ್ಲ ಮನೆಯವರು ಆಗಲೇ ಮಾಡಿ ಮುಗಿಸಿದ್ದಾರೆ. ಅವಳು ನನಗೆ ತಿಳಿಯುವಂತೆ ಹೇಳಿದ್ದು ಹೀಗೆ: ನಮ್ಮ ಅಂಗಡಿಯ ಲೆಕ್ಕ ನಮ್ಮ ಮನೆಯಲ್ಲಿ ಇರುವುದಿಲ್ಲ, ಬೇರೆಯವರ ದೊಡ್ಡ ಮಷಿನ್ನಿನಲ್ಲಿ ಇರುತ್ತದೆ, ಇಂಟರ್ನೆಟ್ಟಿನ ದಾರಿಯಿಂದ ಯಾವ ಅಂಗಡಿಯಿಂದ ಬೇಕಾದರೂ ನೋಡಬಹುದು, ಅದಕ್ಕೆ ತಿಂಗಳ ಬಾಡಿಗೆ. ಬಾಡಿಗೆ ಎಂದ ಮೇಲೆ ನನಗೆ ತಿಳಿಯಿತು. ನಾವು ಜನ್ಮವೆಲ್ಲ ಬಾಡಿಗೆಗೆ ಕೊಟ್ಟವರು, ಇನ್ನು ತೆಗೆದುಕೊಳ್ಳಬೇಕು ಅಷ್ಟೇ.

ಮನೆಯಲ್ಲಿ ಒಂದು ಒಪ್ಪಂದವಾಯಿತು. ಆ ವರ್ಷದ ಲಗ್ನಗಳು ಮುಗಿಯುವ ತನಕ ಅಂಗಡಿ ಅವಳ ಕೈಯಲ್ಲಿ. ಸರಿಯಾಗಿ ನಡೆದರೆ ಮೂರೂ ಅಂಗಡಿಯ ಕೀಲಿ ಅವಳಿಗೆ. ಇಲ್ಲದಿದ್ದರೆ ಸಣ್ಣ ಮಗ ತಕ್ಕಡಿಯವನನ್ನು ಕರೆತರುತ್ತಾನೆ, ಹಂಡೆಗಳೆಲ್ಲ ಕರಗುತ್ತವೆ. ಕೀಲಿಗೊಂಚಲು ನನ್ನ ಸೊಂಟದಲ್ಲಿ ಇದ್ದದ್ದರಿಂದ ಕೊನೆಯ ಮಾತು ನನ್ನದು ಎಂದು ಇಬ್ಬರೂ ಒಪ್ಪಿದರು.

ಹೊಸ ಕೆಲಸ, ಒಳ್ಳೆಯ ದಿನ ಬೇಕಲ್ಲ. ಯುಗಾದಿಯ ದಿನ ಗೋಕಾಕದಿಂದ ಕಂಪ್ಯೂಟರಿನವನು ಬಂದ. ನಮ್ಮ ಹಳೆಯ ಗಿರಾಕಿ, ನನಗೆ ಮಗನ ವಯಸ್ಸಿನವನು. ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿ, ಹೂ ಏರಿಸಿ, ಬೇವು ಬೆಲ್ಲ ತಿಂದು ಎಲ್ಲರೂ ಜಮಖಾನದ ಮೇಲೆ ಕೂತೆವು.

“ಅಂಗಡ್ಯಾಗ ಏನೇನ ಕೆಲಸ ಆಗತಾವ, ಯಾವ ಯಾವ ಕಾರ್ಯಕ್ಕ ಸಾಮಾನ ಹೋಗತೈತಿ, ಒಂದೂ ಬಿಡದಂಗ ಹೇಳ್ರಿ ಅವ್ವಾರ. ಇವತ್ತ ಹೇಳಿದ್ದ ಅದರಾಗ ಇರತೈತಿ, ಹೇಳದ್ದು ಇರಂಗಿಲ್ಲ,” ಎಂದ.

ಹೇಳಿದೆವು. ಲಗ್ನ, ನಿಶ್ಚಯ, ಕುಬಸ, ತೊಟ್ಟಿಲು, ಮನೆ ತುಂಬುವುದು, ಮಠದ ಪ್ರಸಾದ. ಹಿರಿಯ ಮಗ ಹೇಳಿದ, ಸಣ್ಣ ಮಗ ಹೇಳಿದ, ನಾನೂ ಹೇಳಿದೆ. ಕಂಪ್ಯೂಟರಿನವನು ಒತ್ತಿಕೊಂಡ.

“ಮತ್ತ?” ಎಂದ.

ಯಾರೂ ಮಾತಾಡಲಿಲ್ಲ. ಯುಗಾದಿಯ ದಿನ, ಎದುರಿಗೆ ಹೂ ಏರಿಸಿದ ಮಷಿನ್, ಬಾಯಲ್ಲಿ ಇನ್ನೂ ಬೆಲ್ಲದ ರುಚಿ. ಅಂಥ ಹೊತ್ತಿನಲ್ಲಿ ‘ಸತ್ತ ಮನೆ’ ಎಂದು ಯಾರು ಹೇಳುತ್ತಾರೆ? ಮೊಮ್ಮಗಳು ನನ್ನ ಮುಖ ನೋಡಿದಳು. ನಾನು ಹಿತ್ತಿಲ ಕಡೆ ನೋಡಿದೆ.

“ಅಷ್ಟ,” ಎಂದ ಹಿರಿಯ ಮಗ.

ಆಮೇಲೆ ಕಂಪ್ಯೂಟರಿನವನು ಪಾತ್ರೆಗಳನ್ನು ಎಣಿಸಿ, ನಂಬರು ಹಚ್ಚಿ, ಒಂದೊಂದರ ಫೋಟೋ ತೆಗೆದ. ಹಬ್ಬಕ್ಕೆಂದು ಸುಣ್ಣ ಹಚ್ಚಿದ್ದರಿಂದ ಹಿಂದಿನ ಖೋಲಿಯ ಬಾಗಿಲೂ ತೆರೆದಿತ್ತು. ಅಲ್ಲಿಗೂ ಹೋದ. ಅಲ್ಲಿಂದ ಬಂದವನೇ ಮೋರಿಯಲ್ಲಿ ಕಾಲು ತೊಳೆದುಕೊಂಡ. ಅಂದರೆ ಅವನಿಗೂ ಗೊತ್ತಿತ್ತು. ಅವನೂ ಏನೂ ಅನ್ನಲಿಲ್ಲ.

ಮೊದಲಿನ ದಿನಗಳ ತಾಪತ್ರಯ ಒಂದೆರಡಲ್ಲ. ಒಂದು ಅಂಗಡಿಯನ್ನು ಮೊದಲು ಹಾಕಿ ನೋಡಿ, ಆಮೇಲೆ ಉಳಿದವನ್ನು ಹಾಕಬೇಕಿತ್ತು. ಮೂರನ್ನೂ ಒಂದೇ ದಿನ, ಅದೂ ಲಗ್ನಗಳ ಹೊಸ್ತಿಲಲ್ಲಿ ಹಾಕಿದರು. ಒಂದು ಕಡೆ ಮಂಟಪದವರು ಕೂಗುತ್ತಿದ್ದಾರೆ, ಇನ್ನೊಂದು ಕಡೆ ಹಿರಿಯ ಮಗ ಕನ್ನಡಕ ಒರೆಸಿಕೊಂಡು ಫೋನಿನಲ್ಲಿ ಸೌಟು ಹುಡುಕುತ್ತಿದ್ದಾನೆ. ಒಳಗೆ ಹೋಗುವ ಗುಟ್ಟಿನ ಅಕ್ಷರ ಸಣ್ಣ ಮಗನ ಫೋನಿನಲ್ಲಿ ಮಾತ್ರ ಇತ್ತು. ಅವನ ಫೋನು ಕಬ್ಬಿಗೆ ನೀರು ಬಿಡುವಾಗ ಕಾಲುವೆಗೆ ಬಿತ್ತು. ಅವತ್ತು ಮೂರೂ ಅಂಗಡಿ ತಮ್ಮ ಬಾಗಿಲು ತಾವೇ ನೋಡುತ್ತ ಕೂತವು. ಮಳೆಗಾಳಿಗೆ ನೆಟ್‌ವರ್ಕ್ ಹೋದಾಗ ನಾನು ಗೋಡೆಗೆ ಇದ್ದಲಿನಿಂದ ಗೀಟು ಹಾಕಿದೆ, ಅತ್ತೆ ಹಾಕುತ್ತಿದ್ದಂತೆ. ಮೊಮ್ಮಗಳು ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ.

“ಅಳಸಬ್ಯಾಡ ಆಯಿ, ಇರಲಿ. ನೆಟ್ ಬಂದ ಮ್ಯಾಲ ಇದನ್ನ ನೋಡಿ ತುಂಬತೇನಿ,” ಎಂದಳು. ಅಲ್ಲಿಂದ ಮುಂದೆ ಇದ್ದಲು ಅಂಗಡಿಯಲ್ಲೇ ಇರುತ್ತದೆ.

ಇನ್ನೊಂದು ಸಂಗತಿಯನ್ನು ಅವಳೇ ಕಂಡುಹಿಡಿದಳು. ಎಲ್ಲವೂ ಕಂಪ್ಯೂಟರಿನವನ ಹೆಸರಿನಲ್ಲಿ ಇತ್ತು. ನಾಳೆ ಅವನೊಂದಿಗೆ ಕೆಟ್ಟರೆ ನಮ್ಮ ಅಂಗಡಿಯ ಲೆಕ್ಕ ನಮಗೇ ಸಿಗುವುದಿಲ್ಲ. ಅವಳು ಗೋಕಾಕಕ್ಕೆ ಹೋಗಿ ಅವನ ಎದುರಿಗೇ ಕೂತು ಎಲ್ಲವನ್ನೂ ನಮ್ಮ ಹೆಸರಿಗೆ ಮಾಡಿಸಿ, ಬೇಕೆಂದಾಗ ಪೂರಾ ಇಳಿಸಿಕೊಳ್ಳುವುದು ಹೇಗೆ ಎಂದು ಕಲಿತು ಬಂದಳು. ಪ್ರತಿಯೊಂದು ಚಮಚದ ಫೋಟೋ ಇಟ್ಟದ್ದಕ್ಕೆ ಜಾಗದ ಬಾಡಿಗೆ ಏರುತ್ತಿತ್ತು. ಅವನ್ನು ತೆಗೆಸಿದಳು. ಆ ಹುಡುಗಿ ಕೆಲಸಗೇಡಿ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದು ಓದಿ ಯಾರೂ ಅವಳನ್ನು ಬೈಯಬಾರದು.

ಅಷ್ಟರಲ್ಲಿ ವ್ಯಾಪಾರ ಹಳಿಗೆ ಬಂದಿತ್ತು. ಹುಕ್ಕೇರಿಯ ಪರಾತ ಗೋಕಾಕದ ಕುಬಸಕ್ಕೆ ಹೋಗುತ್ತಿತ್ತು. ಸಣ್ಣ ಮಗ ತಕ್ಕಡಿಯವನ ಮಾತು ತೆಗೆಯುವುದನ್ನು ಕಡಿಮೆ ಮಾಡಿದ್ದ.

ಒಂದು ಮುಂಜಾನೆ ತುಕ್ಕಾನಟ್ಟಿಯಿಂದ ಟೆಂಪೋ ಬಂತು. ಇಳಿದವರ ತಲೆಗೆ ಸುತ್ತಿದ ಟವೆಲ್ಲು, ನೋಡಿದರೂ ನೋಡದಂತಿರುವ ಕಣ್ಣು ಕಂಡೇ ನನಗೆ ತಿಳಿಯಿತು. ಸತ್ತವನು ನಮ್ಮ ಗಿರಾಕಿ. ಹಿಂದಿನ ವರ್ಷ ಮಗಳ ಲಗ್ನಕ್ಕೆ ನಮ್ಮಿಂದಲೇ ಹಂಡೆ ಒಯ್ದಿದ್ದ. ಬಂದವನು ಅವನ ತಮ್ಮ.

ಮೊಮ್ಮಗಳು ಆಗಷ್ಟೇ ಅಂಗಡಿ ತೆರೆದಿದ್ದಳು. ಸಾಮಾನು ಹೊರಬೀಳಬೇಕಾದರೆ ಗಿರಾಕಿಯ ನಂಬರು ಒತ್ತಬೇಕು, ಅವನ ಫೋನಿಗೆ ಬಂದ ಓಟಿಪಿ ಹೇಳಬೇಕು. ಇದು ಕಂಪ್ಯೂಟರಿನ ರೂಢಿ. ನಾನು ಅವಳ ಹತ್ತಿರ ಬರುವಷ್ಟರಲ್ಲಿ ಅವಳ ಕೈ ರೂಢಿಯ ಪ್ರಕಾರ ಓಡಿತು. ಮನೆತನದ ಹೆಸರು ಕೇಳಿದಳು, ಹಳೆಯ ವಹಿಯಿಂದ ತುಂಬಿದ್ದ ನಂಬರು ತಾನಾಗಿಯೇ ಬಂತು, ಒತ್ತಿದಳು.

“ಕಾಕಾ, ಒಂದು ಓಟಿಪಿ ಬಂದಿರ್ತೈತಿ ನೋಡ್ರಿ.”

ಅವನು ತನ್ನ ಫೋನು ತೆಗೆದು ನೋಡಿದ. “ನನಗೇನೂ ಬಂದಿಲ್ಲವಾ.”

“ಇದು ಯಾರ ನಂಬರ್ರಿ?” ಎಂದು ಅವಳು ಓದಿ ಹೇಳಿದಳು.

ಅವನು ತನ್ನ ಫೋನನ್ನು ಮರಳಿ ಕಿಸೆಗೆ ಇಟ್ಟ. “ಅಣ್ಣನ ನಂಬರ. ಫೋನು ಅವನ ಕಿಸೇದಾಗ ಐತಿ. ಅವನ ಅಂಗಿ ಇನ್ನೂ ತಗದಿಲ್ಲ.”

ನಾನು ಅವಳ ಕೈಯಿಂದ ಫೋನು ಕಸಿದು ಗಲ್ಲಾಪೆಟ್ಟಿಗೆಯ ಮೇಲೆ ಬೋರಲು ಇಟ್ಟೆ. ಆ ತಮ್ಮನಿಗೆ ಹಿತ್ತಿಲ ಕಡೆಯಿಂದ ಬಾ ಎಂದು ಕೈ ಮಾಡಿದೆ. ಮೊಳೆಯ ಮೇಲಿನ ಕೀಲಿ ತೆಗೆದು ಹಿಂದಿನ ಖೋಲಿ ತೆರೆದೆ.

ಹಂಡೆ ಇರಲಿಲ್ಲ. ಎರಡೂ ಇರಲಿಲ್ಲ. ಸುಣ್ಣದ ಗೋಡೆಯ ಬುಡದಲ್ಲಿ ಅವು ಕೂತಿದ್ದ ದುಂಡನೆಯ ಗುರುತು ಮಾತ್ರ ಇತ್ತು.

ನನ್ನ ಬೆನ್ನಹಿಂದೆ ಬಂದು ನಿಂತ ಮೊಮ್ಮಗಳು ಫೋನು ನೋಡಿ ಸಣ್ಣ ದನಿಯಲ್ಲಿ ಹೇಳಿದಳು, “ಆಯಿ, ಹುಕ್ಕೇರಿ ತೋರಸ್ತೈತಿ. ನಿನ್ನಿ ಹೋಗ್ಯಾವ. ಲಗ್ನಕ್ಕ.”

ಆದದ್ದು ಇಷ್ಟು. ಯಾವ ಪಾತ್ರೆ ಬಹಳ ದಿನದಿಂದ ಖಾಲಿ ಕೂತಿದೆಯೋ ಅದನ್ನು ಮೊದಲು ತೋರಿಸು ಎಂದು ಮಷಿನ್ನಿಗೆ ಹೇಳಿಕೊಟ್ಟಿದ್ದರು, ಎಲ್ಲವೂ ಸಮನಾಗಿ ದುಡಿಯಲಿ ಎಂದು. ಯುಗಾದಿಯಿಂದ ಅಲ್ಲಿಯ ತನಕ ನಮ್ಮಲ್ಲಿಗೆ ಸತ್ತ ಮನೆಯವರು ಯಾರೂ ಬಂದಿರಲಿಲ್ಲ. ಹಿಂದಿನ ಖೋಲಿಯ ಹಂಡೆಗಳು ಪಟ್ಟಿಯ ತುದಿಗೆ ಏರಿ ಕೂತಿದ್ದವು. ಸಣ್ಣ ಮಗ ಹುಕ್ಕೇರಿಯಲ್ಲಿ ಕೂತು ಒತ್ತಿದ. ಅವನ ಹೊಸ ಡ್ರೈವರ್ ಬಂದ, ನಂಬರು ನೋಡಿದ, ಮೊಳೆಯ ಮೇಲಿನ ಕೀಲಿ ತೆಗೆದ, ಹೇರಿಕೊಂಡು ಹೋದ. ನಾನು ಓಣಿಯ ತೊಟ್ಟಿಲಿಗೆ ಹೋಗಿದ್ದೆ, ಅವಳು ಗೋಕಾಕದಲ್ಲಿದ್ದಳು, ಹಿರಿಯ ಮಗ ಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದ. ಯಾರ ತಪ್ಪೂ ಅಲ್ಲ, ಆದರೂ ತಪ್ಪು ಆಗಿತ್ತು. ಒಂದು ಕಡೆ ಹೆಣ ನೀರಿಗೆ ಕಾದಿದೆ. ಇನ್ನೊಂದು ಕಡೆ ಸತ್ತ ಮನೆಯ ಹಂಡೆಯಲ್ಲಿ ಲಗ್ನದ ನೀರು ಕಾಯುತ್ತಿದೆ.

ಮೊದಲು ಹೆಣದ ಕೆಲಸ. ನಾನು ಮುಂದಿನ ಖೋಲಿಗೆ ಹೋದೆ. ಅತ್ತೆ ತವರಿನಿಂದ ತಂದ ಹಂಡೆ ಅಲ್ಲಿ ಮೊದಲ ಸಾಲಿನಲ್ಲಿದೆ. ಕಿವಿಯ ಹತ್ತಿರ ಒಂದು ನೆಗ್ಗು. ಸೊಸೆಯಾಗಿ ಬಂದ ಹೊಸದರಲ್ಲಿ ನಾನು ಜಾರಿಸಿ ಬೀಳಿಸಿದ್ದು. ಅತ್ತೆ ಬೈಯಲಿಲ್ಲ, ಆ ನೆಗ್ಗನ್ನು ಬಡಿಸಿ ಸರಿ ಮಾಡಿಸಲೂ ಇಲ್ಲ. ‘ಇದು ಇನ್ನ ಮ್ಯಾಲ ನಿಂದು, ಗುರತಾತು’ ಎಂದಿದ್ದಳು. ತಿಕ್ಕುವಾಗೆಲ್ಲ ನನ್ನ ಹೆಬ್ಬೆರಳು ಆ ನೆಗ್ಗಿನಲ್ಲಿ ಇಳಿಯುತ್ತಿತ್ತು.

“ಇದನ್ನ ಒಯ್ರಿ,” ಎಂದೆ.

“ಆಯಿ, ಅದು ಹೋದರ ಮತ್ತ ಮುಂದ ಬರಂಗಿಲ್ಲ,” ಎಂದಳು ಮೊಮ್ಮಗಳು.

“ಗೊತ್ತೈತಿ. ಬಾಯಿ ಮುಚ್ಚಿ ಆ ಕಡೆ ಹಿಡಿ.”

ಅವರು ಹಿತ್ತಿಲ ಕಡೆಯಿಂದ ಹೊತ್ತು ನಡೆದರು. ‘ಹೋಗಿ ಬರ್ರಿ’ ಅನ್ನಲಿಲ್ಲ.

ಆಮೇಲೆ ಮೊಮ್ಮಗಳು ತನ್ನ ಕಾಕಾನಿಗೆ ಫೋನು ಹಚ್ಚಿದಳು. ಸ್ಪೀಕರಿನಲ್ಲಿ ಅವನ ದನಿ, ಹಿಂದೆ ವಾಲಗದ ಸಪ್ಪಳ. ಸಂಗತಿ ಕೇಳಿ ಅವನು ವಾಲಗದಿಂದ ದೂರ ಸರಿದು ನಿಂತ.

“ಹಂಡೆ ಮ್ಯಾಲ ಬರದೈತೇನ? ಯಾರಿಗೂ ತಿಳಿಯಂಗಿಲ್ಲ. ನೀವು ಬಂದು ಬಾಯಿ ಬಿಟ್ಟರ ತಿಳೀತೈತಿ. ಸುಮ್ಕ ಮನ್ಯಾಗ ಇರ್ರಿ.”

“ಕಾಕಾ, ಹೇಳದ ಬಿಟ್ಟರ ನಾಳಿ ಆ ಹುಡುಗಿಗೆ ಏನರ ಆದಾಗೆಲ್ಲ ನನಗ ಈ ಹಂಡೇನ ನೆನಪಾಗತೈತಿ.”

“ಹೇಳಿದ್ರ ಆ ಹುಡುಗಿಗೂ ನೆನಪಾಗತೈತಿ. ಅಂಗಡಿ ಮುಚ್ಚತೈತಿ. ಆಮ್ಯಾಲ ನನ್ನ ತಕ್ಕಡಿಯವನ್ನ ಬೈಬ್ಯಾಡ.”

“ಮುಚ್ಚಲಿ,” ಎಂದಳು ಅವಳು.

ಈ ಕೂಸಿಗೆ ಆ ಅಂಗಡಿ ಎಷ್ಟು ಬೇಕಿತ್ತು ಎನ್ನುವುದು ನನಗೆ ಗೊತ್ತು. ಸಣ್ಣವಳಿದ್ದಾಗ ಕೊಪ್ಪರಿಗೆಯೊಳಗೆ ಇಳಿದು ಮಲಗಿಬಿಡುತ್ತಿದ್ದಳು, ಹುಡುಕಿ ಹುಡುಕಿ ಸಾಕಾಗುತ್ತಿತ್ತು. ಆದರೂ ಮುಚ್ಚಲಿ ಎಂದ ಮಾತನ್ನು ತಿರುಗಿಸಲಿಲ್ಲ.

ಫೋನಿನಲ್ಲಿ ನೋಡಿ, ಗೋಕಾಕದ ಅಂಗಡಿಯಲ್ಲಿ ಎರಡು ಹಂಡೆ ಖಾಲಿ ಇವೆ, ಆಗಲೇ ತೊಳೆದಿಟ್ಟಿದ್ದಾರೆ ಎಂದಳು. ಮೊದಲಿನ ಕಾಲವಾಗಿದ್ದರೆ ಇಷ್ಟು ತಿಳಿಯಲು ಒಬ್ಬ ಬಸ್ಸು ಹತ್ತಬೇಕಿತ್ತು. ನಮ್ಮ ಸಣ್ಣ ಟೆಂಪೋ ಹತ್ತಿ ಹೊರಟೆವು. ಗೋಕಾಕದಲ್ಲಿ ಅವನ್ನು ಹೇರಿಕೊಂಡು ಘಟಪ್ರಭೆಯ ಸೇತುವೆ ದಾಟಿ ಹುಕ್ಕೇರಿ ಹಾದಿ ಹಿಡಿದೆವು. ದಾರಿಯಲ್ಲಿ ಅವಳು, ಯಾರಿಗೆ ಹೇಳುವುದು ಎಂದು ಒಮ್ಮೆ ಕೇಳಿದಳು.

“ಆ ಮನ್ಯಾಗ ನನ್ನಂಥಾಕಿ ಒಬ್ಬಾಕಿ ಇರ್ತಾಳ. ಆಕಿಗೆ,” ಎಂದೆ.

ಇದ್ದಳು. ಮದುಮಗಳ ಆಯಿ, ಹಂದರದ ಮೂಲೆಯಲ್ಲಿ ಒರಳಿಗೆ ಒರಗಿ ಕೂತು ವೀಳ್ಯದೆಲೆ ಒರೆಸುತ್ತಿದ್ದಳು. ಅವಳೂ ಕುರಿ ಕಾಯುವ ಮನೆಯವಳು. ನಾನು ಪಕ್ಕದಲ್ಲಿ ಕೂತೆ. ಮೊಮ್ಮಗಳು ಕೂರಲಿಲ್ಲ, ಎದುರಿಗೆ ಬಗ್ಗಿ ತಾನೇ ಹೇಳಿದಳು. ಹಿಂದಿನ ಖೋಲಿ, ಮಷಿನ್, ನಿನ್ನೆಯ ಟೆಂಪೋ, ಎಲ್ಲ. ಸುತ್ತಿ ಬಳಸಿ ಹೇಳಲಿಲ್ಲ, ಬೇರೆಯವರ ಮೇಲೆ ಹಾಕಲಿಲ್ಲ.

ಆ ಮುದುಕಿ ಎಲೆ ಒರೆಸುವುದನ್ನು ನಿಲ್ಲಿಸಲಿಲ್ಲ.

“ಮದಲಿಂಗಿತ್ತಿಗೆ ಆ ಹಂಡೆ ನೀರ ಎರದು ಆತು,” ಎಂದಳು.

ಮೊಮ್ಮಗಳು ಕಣ್ಣು ಮುಚ್ಚಿದಳು.

“ನಮ್ಮ ಮನ್ಯಾಗ ಒಂದ ಹಂಡೆ ಇತ್ತವಾ. ನಮ್ಮ ಮಾವಗ ಕಡೀ ನೀರ ಅದರಾಗ ಕಾಸಿದ್ವಿ. ಅದ ವಾರದಾಗ ನಾ ಹಡದೆ. ಕೂಸಿಗೂ ಅದರಾಗ ಕಾಸಿ ಎರದ್ವಿ. ಆ ಕೂಸ ಈಗ ಅಲ್ಲಿ ಮಂಟಪದಾಗ ಕುಂತಾನ, ಮದಲಿಂಗಿತ್ತಿ ಅಪ್ಪ.” ಎಲೆ ಮಡಚಿ ಇಟ್ಟು ನನ್ನ ಕಡೆ ತಿರುಗಿದಳು. “ಎರಡ ಖೋಲಿ ಇದ್ದವರ ಲೆಕ್ಕ ಇದು. ಹೌದಿಲ್ಲೋ?”

ನನ್ನ ಅತ್ತೆಯ ಕಟ್ಟಳೆಯನ್ನು ನಾನು ಜನ್ಮವೆಲ್ಲ ತಲೆಯ ಮೇಲೆ ಹೊತ್ತವಳು. ಅದಕ್ಕೆ ಎರಡು ಖೋಲಿ ಬೇಕು ಎನ್ನುವುದು ಅವತ್ತಿನ ತನಕ ಹೊಳೆದಿರಲಿಲ್ಲ.

“ಆದ್ರೂ ಬದಲ ಮಾಡ್ರಿ,” ಎಂದಳು ಮತ್ತೆ. “ಬೀಗರ ಕಡಿಯವರಿಗೆ ಗೊತ್ತಾದ್ರ ನಾಳಿ ನಮ್ಮ ಹುಡುಗಿಗೆ ಅಂತಾರ. ಸೋರತೈತಿ ಅಂತ ಹೇಳ್ರಿ. ನನಗ ಹೇಳೀರಿ, ಸಾಕು. ಇನ್ನೊಬ್ಬರಿಗೆ ಬ್ಯಾಡ.” ಆಮೇಲೆ ಮೊಮ್ಮಗಳ ಗಲ್ಲ ಹಿಡಿದು ಅತ್ತಿತ್ತ ತಿರುಗಿಸಿ ನೋಡಿದಳು. “ಇದಕ್ಕ ಲಗ್ನ ಆಗೇತೇನ?”

“ಇಲ್ಲ,” ಎಂದೆ.

“ಹಂಗಾರ ಉಂಡ ಹೋಗ್ರಿ.”

ಹಂಡೆಗಳನ್ನು ಬದಲಿಸಿದೆವು. ಸಣ್ಣ ಮಗನೇ ಬಂದು ಕೈ ಹಚ್ಚಿದ. ಯಾರೋ ಕೇಳಿದ್ದಕ್ಕೆ ಸೋರುತ್ತದೆ ಎಂದ. ಹಿಂದಿನ ಖೋಲಿಯ ಹಂಡೆಯಲ್ಲಿ ಉಳಿದ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿದ. ನಾವು ಉಂಡೆವು. ಜೋಳದ ನುಚ್ಚು, ಮಾದಲಿ, ಸಾರು. ಮೊಮ್ಮಗಳು ಎಲೆಯಲ್ಲಿ ಅರ್ಧ ಬಿಟ್ಟಳು, ನಾನು ಪೂರಾ ಉಂಡೆ. ಹಸಿವಾಗಿತ್ತು.

ಮರಳಿ ಬರುವಾಗ ನನ್ನ ಸೊಂಟದ ಕೀಲಿಗೊಂಚಲು ತೆಗೆದು ಅವಳ ಮಡಿಲಿಗೆ ಹಾಕಿದೆ. ಲಗ್ನಗಳು ಮುಗಿಯಲು ಇನ್ನೂ ದಿನ ಇದ್ದವು.

“ಇನ್ನ ಮುಗದಿಲ್ಲ ಆಯಿ. ಇವತ್ತಂತೂ ಹಾಳ ಮಾಡೇನಿ.”

“ಕಂಪ್ಯೂಟರ್ ನೋಡಿ ಕೊಟ್ಟಿಲ್ಲ. ಮುಚ್ಚಲಿ ಅಂದೆಲ್ಲ, ಅದಕ್ಕ ಕೊಟ್ಟೇನಿ.”

ಅವಳು ಅತ್ತಳು. ಅಳಲಿ ಎಂದು ನಾನು ಕಿಟಕಿಯ ಹೊರಗೆ ಕಬ್ಬು ನೋಡುತ್ತ ಕೂತೆ.

ಸಣ್ಣ ಮಗ ಗೊಣಗಿದ. ಒಪ್ಪಂದ ಮುರಿದೆ ಎಂದ. ಮುರಿದದ್ದು ಹೌದು ಎಂದೆ. ಆದರೆ ಅವನೇ ಕೆಲವು ದಿನ ಬಿಟ್ಟು, ಹುಕ್ಕೇರಿಯಲ್ಲೂ ಹಿತ್ತಿಲ ಕಡೆ ಒಂದು ಖೋಲಿ ಕಟ್ಟಿಸುತ್ತೇನೆ, ಎರಡು ಹಂಡೆ ಕಳಿಸಿರಿ ಎಂದು ಫೋನು ಮಾಡಿದ. ತಕ್ಕಡಿಯವನು ಒಮ್ಮೆ ಬಂದು ಚಹಾ ಕುಡಿದು ಹೋದ.

ಕಂಪ್ಯೂಟರಿನವನನ್ನು ಒಂದು ಸಾದಾ ದಿನ ಕರೆಸಿದೆವು. ಹಬ್ಬವಲ್ಲ, ಅಮಾವಾಸ್ಯೆಯಲ್ಲ, ಯಾವುದೂ ಅಲ್ಲದ ದಿನ. ಹೂ ಇಲ್ಲ, ಕುಂಕುಮ ಇಲ್ಲ.

“ನಿಮ್ಮ ಅಪ್ಪನ ಕಾರ್ಯಕ್ಕ ಹಂಡೆ ಎಲ್ಲಿಂದ ಒಯ್ದಿದ್ದಿ?” ಎಂದು ಕೇಳಿದೆ.

“ಹಿಂದಿನ ಖೋಲಿಂದ್ರಿ, ಅವ್ವಾರ.”

“ಮತ್ತ ಅವತ್ತ ಯಾಕ ಕೇಳಲಿಲ್ಲ?”

“ಯುಗಾದಿ ದಿನ ಹೆಂಗ ಕೇಳ್ಲಿ? ನೀವು ಹೇಳ್ತೀರಿ ಅಂತ ನಾ ಸುಮ್ಕಿದ್ದೆ.”

“ನೀ ಕೇಳ್ತಿ ಅಂತ ನಾವೂ ಸುಮ್ಕಿದ್ವಿ.”

ಮೊಮ್ಮಗಳು ನಕ್ಕಳು. ಆ ದಿನದಿಂದ ಮೊದಲ ಸಲ. ಆಮೇಲೆ ಆ ಖೋಲಿಯ ಸಾಮಾನನ್ನು ಕ್ಲೌಡಿನಿಂದ ತೆಗೆದೇ ಬಿಡೋಣ, ಅದು ನಿನ್ನ ಕೈಯಲ್ಲೇ ಇರಲಿ ಎಂದು ನನಗೆ ಹೇಳಿದಳು. ನಾನು ಬೇಡ ಎಂದೆ.

“ನನ್ನ ಕೈ ಎಷ್ಟ ದಿನದ್ದ? ನಾ ಹೋದ ಮ್ಯಾಲ ಮತ್ತ ಯಾರೋ ಕೀಲಿ ತಗದು ಹೇರ್ಕೊಂಡ ಹೋಗ್ತಾರ. ಹಾಕು. ಎಲ್ಲಾ ಹಾಕು.”

“ಅದಕ್ಕ ಏನಂತ ಹೆಸರ ಕೊಡೂದು ಆಯಿ?”

ಮೂವರೂ ಯೋಚಿಸಿದೆವು. ಸಾದಾ ದಿನವಾದರೂ ಆ ಮಾತು ಬಾಯಿಗೆ ಬರಲಿಲ್ಲ. ಕೊನೆಗೆ ಅವಳು ಹೆಸರಿನ ಜಾಗವನ್ನು ಖಾಲಿ ಬಿಟ್ಟಳು. ಈಗ ಮೂರೂ ಅಂಗಡಿಯಲ್ಲಿ ಲಗ್ನ, ಕುಬಸ, ತೊಟ್ಟಿಲು ಎಂಬವುಗಳ ಕೆಳಗೆ ಒಂದು ಖಾಲಿ ಸಾಲು ಇದೆ. ಅದನ್ನು ಒತ್ತಿದರೆ ಹೆಸರು ಕೇಳುವುದಿಲ್ಲ, ದಿನ ಕೇಳುವುದಿಲ್ಲ, ಬಾಡಿಗೆ ತೋರಿಸುವುದಿಲ್ಲ, ಓಟಿಪಿ ಕಳಿಸುವುದಿಲ್ಲ. ಆ ಹಂಡೆ ಬೇರೆ ಯಾವ ಕಾರ್ಯಕ್ಕೂ ಕಾಣುವುದಿಲ್ಲ. ಹೊಸ ಡ್ರೈವರಿಗೂ ತಿಳಿಯುತ್ತದೆ. ಮೊಳೆಯ ಮೇಲಿನ ಕೀಲಿ ಮಾತ್ರ ಅಲ್ಲೇ ಇದೆ.

ತಮ್ಮ ಅಂಗಡಿಯನ್ನೂ ಹೀಗೆ ಮಾಡಬೇಕು ಎಂದು ಈಗ ಕೆಲವರು ಅವಳನ್ನು ಕೇಳಲು ಬರುತ್ತಾರೆ, ಬೀಜದ ಅಂಗಡಿಯವರು, ಹಾಲಿನ ಡೇರಿಯವರು. ಅವಳು ಏನೇನೋ ಇಂಗ್ಲಿಷಿನಲ್ಲಿ ಹೇಳುತ್ತಾಳೆ. ಮುಗಿದ ಮೇಲೆ ನಾನು ಒಂದು ಮಾತು ಕೇಳುತ್ತೇನೆ: ನಿಮ್ಮ ಅಂಗಡಿಯಲ್ಲಿ ಬಾಯಿಬಿಟ್ಟು ಹೇಳದ್ದು ಏನಿದೆ? ಅವರು ಏನೂ ಇಲ್ಲ ಎನ್ನುತ್ತಾರೆ. ನಾವೂ ‘ಅಷ್ಟ’ ಎಂದಿದ್ದೆವು.

ಅತ್ತೆಯ ಹಂಡೆ ತುಕ್ಕಾನಟ್ಟಿಯಿಂದ ಖಾಲಿ ಬಂತು, ಹಿತ್ತಿಲಲ್ಲಿ ಬೋರಲಾಗಿ. ಅದನ್ನು ನಾನೇ ತಿಕ್ಕಿದೆ, ಹುಣಸೆಹಣ್ಣು, ಬೂದಿಯಿಂದ. ಹೆಬ್ಬೆರಳು ನೆಗ್ಗಿನಲ್ಲಿ ಇಳಿಯಿತು. ಈಗ ಅದು ಹಿಂದಿನ ಖೋಲಿಯಲ್ಲಿದೆ, ಇನ್ನು ಲಗ್ನ ನೋಡುವುದಿಲ್ಲ. ಬೇಜಾರಿಲ್ಲ. ಅದು ಸಾಕಷ್ಟು ಲಗ್ನ ನೋಡಿದೆ, ನಾನೂ ನೋಡಿದ್ದೇನೆ. ನನ್ನ ಸರದಿ ಬಂದಾಗ ನೀರು ಅದರಲ್ಲೇ ಕಾಯಲಿ ಎಂದು ಮೊಮ್ಮಗಳಿಗೆ ಹೇಳಿಟ್ಟಿದ್ದೇನೆ. ಅವಳು ಆ ಖಾಲಿ ಸಾಲನ್ನು ಒತ್ತಿದರೆ ಸಾಕು. ನನ್ನ ಫೋನಿಗೆ ಏನೂ ಬರುವುದಿಲ್ಲ.